ಮೊದಲು ಊಟದ ಮೇಜು, ಆಮೇಲೆ ಮನೆ

ನಿಮ್ಮಲ್ಲಿ ಎಷ್ಟೋ ಮಂದಿ ಹೈಸ್ಕೂಲಿನಲ್ಲಿದ್ದಾಗಲೋ ಕಾಲೇಜಿಗೆ ಸೇರಿದ ಮೇಲೋ ಒಂದು ಶನಿವಾರ ಬೆಳಿಗ್ಗೆ ಬೇಗ ಎದ್ದು, ಹೆಲ್ಮೆಟ್ ಹಾಕಿಕೊಂಡು, ಹ್ಯಾಬಿಟಾಟ್ ಫಾರ್ ಹ್ಯುಮಾನಿಟಿ ಸಂಸ್ಥೆಯ ಮನೆ ಕಟ್ಟುವ ಕೆಲಸಕ್ಕೆ ಹೋಗಿ ಬಂದಿದ್ದೀರಿ. ಕೆಲವರು ಶಾಲೆಯ ಸೇವಾ ಗಂಟೆಗಳಿಗಾಗಿ, ಕೆಲವರು ಸ್ನೇಹಿತರು ಕರೆದರೆಂದು, ಇನ್ನು ಕೆಲವರು ಅಪ್ಪ ಅಮ್ಮ ಕಳಿಸಿದರೆಂದು. ಇವತ್ತಿನ ಮಾತು ಆ ಮನೆಗಳ ಹಿಂದಿನ ಚರಿತ್ರೆಯ ಬಗ್ಗೆ.

ಹದಿನಾರು ತುಂಬಿದ ಮಗನನ್ನು ಕರೆದುಕೊಂಡು ನಾನೂ ಒಂದು ಶನಿವಾರ ಹೋಗಿದ್ದೆ. ನನಗೆ ಗೋಡೆಗೆ ಬಣ್ಣ ಬಳಿಯುವ ಕೆಲಸ ಕೊಟ್ಟರು. ಪಕ್ಕದ ಗೋಡೆಗೆ ಒಬ್ಬ ಹೆಂಗಸು ಬಣ್ಣ ಬಳಿಯುತ್ತಿದ್ದರು, ನನ್ನದೇ ವಯಸ್ಸಿರಬೇಕು. ಮಧ್ಯಾಹ್ನ ಇಬ್ಬರೂ ಮೆಟ್ಟಿಲ ಮೇಲೆ ಕೂತು ಸ್ಯಾಂಡ್‌ವಿಚ್ ತಿನ್ನುವಾಗ ಮಾತಿಗೆ ಮಾತು ಸೇರಿಸಲು, "ಈ ಮನೆ ಯಾರಿಗೆ ಸಿಗುತ್ತೋ ಅವರು ಪುಣ್ಯವಂತರು" ಎಂದೆ. ಆಕೆ ನಕ್ಕು, "ನನಗೇ" ಎಂದರು. ನನಗೆ ಮುಖ ಎಲ್ಲಿಟ್ಟುಕೊಳ್ಳಬೇಕೋ ತಿಳಿಯಲಿಲ್ಲ. ಆಕೆಗೆ ಬೇಸರವೇನೂ ಆಗಲಿಲ್ಲ. ಎಷ್ಟು ವಾರದಿಂದ ಬರುತ್ತಿದ್ದೇನೆ, ಯಾವ ಕೋಣೆ ಮಗಳಿಗೆ, ತಿಂಗಳ ಕಂತು ಎಷ್ಟು ಬರಬಹುದು ಎಂದೆಲ್ಲ ಹೇಳಿದರು.

ಮನೆಗೆ ವಾಪಸ್ಸಾಗುವಾಗ ಕಾರಿನಲ್ಲಿ ಮಗ ಕೇಳಿದ: "ಅಮ್ಮ, ಅವರಿಗೆ ಮನೆ ಫ್ರೀ ಅಲ್ವಂತೆ. ಸಾಲ ತೀರಿಸಬೇಕಂತೆ. ಹಾಗಿದ್ರೆ ನಾವ್ಯಾಕೆ ಫ್ರೀಯಾಗಿ ಕೆಲಸ ಮಾಡಿದ್ವಿ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಅದನ್ನು ಹುಡುಕಿಕೊಂಡು ಪುಸ್ತಕಗಳನ್ನು ಓದಿದೆ. ಕೊನೆಗೆ ಒಂದು ಭಾನುವಾರ ಅಟ್ಲಾಂಟಾದಿಂದ ದಕ್ಷಿಣಕ್ಕೆ ಎರಡೂವರೆ ಗಂಟೆ ಕಾರು ಓಡಿಸಿಕೊಂಡು ಒಂದು ಹೊಲಕ್ಕೂ ಹೋಗಿ ಬಂದೆ. ಉತ್ತರ ಆ ಹೊಲದಿಂದಲೇ ಶುರುವಾಗುತ್ತದೆ.

ಜಾರ್ಜಿಯಾ ರಾಜ್ಯದ ಸಮ್ಟರ್ ಕೌಂಟಿಯಲ್ಲಿ ಅಮೆರಿಕಸ್ ಎಂಬ ಸಣ್ಣ ಪಟ್ಟಣವಿದೆ. ದೇಶದ ಹೆಸರಿಗೆ ಒಂದು ಸಕಾರ ಸೇರಿಸಿದಂತಿದೆ, ಮರೆಯುವುದು ಕಷ್ಟ. ಅದರ ಹತ್ತಿರ 1942ರಲ್ಲಿ ಕ್ಲಾರೆನ್ಸ್ ಜೋರ್ಡನ್ ಎಂಬ ಮೂವತ್ತು ವರ್ಷದ ಬಿಳಿಯ ಪಾದ್ರಿ ತನ್ನ ಹೆಂಡತಿ ಫ್ಲಾರೆನ್ಸ್ ಮತ್ತು ಇನ್ನೊಂದು ದಂಪತಿಯ ಜೊತೆ ಸೇರಿ 440 ಎಕರೆ ಜಮೀನು ಕೊಂಡ. ಜೋರ್ಡನ್ ಆ ಸೀಮೆಯವನೇ. ಮೊದಲು ಕೃಷಿಯಲ್ಲಿ ಪದವಿ ಪಡೆದ, ಆಮೇಲೆ ಬೈಬಲ್ಲಿನ ಹೊಸ ಒಡಂಬಡಿಕೆಯ ಮೂಲ ಭಾಷೆಯಾದ ಗ್ರೀಕಿನಲ್ಲಿ ಡಾಕ್ಟರೇಟ್ ಮಾಡಿದ. ಒಂದು ಕೈಯಲ್ಲಿ ನೇಗಿಲು, ಇನ್ನೊಂದು ಕೈಯಲ್ಲಿ ಗ್ರೀಕ್ ನಿಘಂಟು ಹಿಡಿದ ಮನುಷ್ಯ ಎನ್ನಬಹುದು. ಹೊಲಕ್ಕೆ ಕೊಯ್ನೊನಿಯ ಎಂದು ಹೆಸರಿಟ್ಟ. ಗ್ರೀಕಿನಲ್ಲಿ ಆ ಮಾತಿಗೆ ಸಹಭಾಗಿತ್ವ, ಕೂಡಿ ಬಾಳುವುದು ಎಂಬ ಅರ್ಥವಿದೆ. ಮೊದಲ ಕಾಲದ ಕ್ರೈಸ್ತರಂತೆ ಇದ್ದದ್ದನ್ನೆಲ್ಲ ಒಂದುಗೂಡಿಸಿ ಬಾಳಬೇಕು, ಸುತ್ತಲಿನ ಬಡ ರೈತರಿಗೆ ಒಳ್ಳೆಯ ಬೇಸಾಯ ಕಲಿಸಬೇಕು ಎಂಬುದು ಅವರ ಆಸೆ.

ಇದರಲ್ಲಿ ಯಾರಿಗೂ ತಕರಾರು ಇರಬೇಕಾಗಿರಲಿಲ್ಲ. ತಕರಾರು ಬಂದದ್ದು ಊಟದ ಮೇಜಿನಿಂದ. ಕೊಯ್ನೊನಿಯದಲ್ಲಿ ಮಧ್ಯಾಹ್ನದ ಊಟಕ್ಕೆ ಬಿಳಿಯರೂ ಕಪ್ಪು ಜನರೂ ಒಂದೇ ಮೇಜಿಗೆ ಕೂರುತ್ತಿದ್ದರು. ಆಗಿನ ಜಾರ್ಜಿಯಾದಲ್ಲಿ ಶಾಲೆ, ಬಸ್ಸು, ಕುಡಿಯುವ ನೀರಿನ ನಲ್ಲಿ, ಸ್ಮಶಾನ ಎಲ್ಲವೂ ಬಣ್ಣದ ಪ್ರಕಾರ ಬೇರೆ ಬೇರೆ. ಕಪ್ಪು ಜನರನ್ನು ಕೆಲಸಕ್ಕೆ ಇಟ್ಟುಕೊಳ್ಳಬಹುದಿತ್ತು, ಪಕ್ಕದಲ್ಲಿ ಕೂರಿಸಿಕೊಂಡು ಉಣ್ಣುವಂತಿರಲಿಲ್ಲ. ಇದು ಬೇರೆ ದೇಶದ ಹುಚ್ಚು ಎಂದು ನಾವು ಮೂಗು ಮುರಿಯಬೇಕಾಗಿಲ್ಲ. ನಮ್ಮ ಭಾಷೆಯಲ್ಲಿ ಪಂಕ್ತಿಭೇದ ಎಂಬ ಮಾತಿದೆ. ಒಂದು ಭಾಷೆಯಲ್ಲಿ ಪದ ಇದ್ದರೆ ಆ ಪದಕ್ಕೆ ತಕ್ಕ ಅನುಭವವೂ ಇತ್ತೆಂದೇ ಅರ್ಥ.

ಇಲ್ಲಿ ನಮಗೆ ನೇರವಾಗಿ ಸಂಬಂಧಪಟ್ಟ ಒಂದು ಘಟನೆ ಇದೆ. 1950ರಲ್ಲಿ ಫ್ಲಾರಿಡಾದಲ್ಲಿ ಓದುತ್ತಿದ್ದ ಒಬ್ಬ ಭಾರತೀಯ ವಿದ್ಯಾರ್ಥಿ ಕೊಯ್ನೊನಿಯ ನೋಡಲು ಬಂದಿದ್ದ. ಹಿಂದೂ ಹುಡುಗ. ಅಮೆರಿಕದ ಚರ್ಚಿನಲ್ಲಿ ಪ್ರಾರ್ಥನೆ ಹೇಗೆ ನಡೆಯುತ್ತದೆ ಎಂದು ನೋಡುವ ಕುತೂಹಲ ಅವನಿಗೆ. ಕೊಯ್ನೊನಿಯದವರು ಅವನನ್ನು ತಾವು ಹೋಗುತ್ತಿದ್ದ ರೆಹೊಬೋತ್ ಬ್ಯಾಪ್ಟಿಸ್ಟ್ ಚರ್ಚಿಗೆ ಕರೆದುಕೊಂಡು ಹೋದರು. ಅವನ ಮೈಬಣ್ಣ ಕಂಡ ಸಭೆ ಒಳಗೊಳಗೇ ಕುದಿಯಿತು. ಕಪ್ಪು ಮನುಷ್ಯನನ್ನು ಒಳಗೆ ತಂದಿದ್ದಾರೆ ಎಂದು ಗುಲ್ಲಾಯಿತು. ಮೊದಲಿನಿಂದಲೂ ಹೊಗೆಯಾಡುತ್ತಿದ್ದ ಅಸಮಾಧಾನ ಆಗ ಹೊತ್ತಿಕೊಂಡು, ಅದೇ ವರ್ಷ ಚರ್ಚು ಕೊಯ್ನೊನಿಯದವರನ್ನು ಸದಸ್ಯತ್ವದಿಂದ ತೆಗೆದುಹಾಕಿತು.

ಆ ಹುಡುಗನ ಬಣ್ಣ ನಮ್ಮ ಬಣ್ಣ. ನಮ್ಮ ದೇಶದವರು ದೊಡ್ಡ ಸಂಖ್ಯೆಯಲ್ಲಿ ಅಮೆರಿಕಕ್ಕೆ ಬರಲು ಬಾಗಿಲು ತೆರೆದದ್ದು 1965ರ ವಲಸೆ ಕಾಯಿದೆ. ನಾಗರಿಕ ಹಕ್ಕುಗಳ ಹೋರಾಟ ಬಿಸಿಯಾಗಿದ್ದ ಆ ವರ್ಷಗಳಲ್ಲೇ ಆ ಕಾಯಿದೆಯೂ ಹುಟ್ಟಿತು. ನಾವು ಬರುವುದಕ್ಕೆ ಮುಂಚೆ ಒಬ್ಬ ಭಾರತೀಯನನ್ನು ಪಕ್ಕದಲ್ಲಿ ಕೂರಿಸಿಕೊಂಡ ತಪ್ಪಿಗೆ ತಮ್ಮ ಚರ್ಚನ್ನೇ ಕಳೆದುಕೊಂಡ ಜನ ಇಲ್ಲಿದ್ದರು ಎಂಬುದು ನಮ್ಮ ಮಕ್ಕಳಿಗೆ ಗೊತ್ತಿರಬೇಕು ಎಂದು ನನಗೆ ಅನ್ನಿಸುತ್ತದೆ.

ಅದರ ನಂತರದ ವರ್ಷಗಳು ಇನ್ನೂ ಕಠಿಣ. 1954ರಲ್ಲಿ ಸುಪ್ರೀಂ ಕೋರ್ಟು ಶಾಲೆಗಳಲ್ಲಿ ಬಣ್ಣಭೇದ ಕೂಡದೆಂದು ತೀರ್ಪು ಕೊಟ್ಟ ಮೇಲೆ ದಕ್ಷಿಣದ ರಾಜ್ಯಗಳಲ್ಲಿ ಸಿಟ್ಟು ಹೆಚ್ಚಿತು. 1956ರಿಂದ ಕೊಯ್ನೊನಿಯಕ್ಕೆ ಬಹಿಷ್ಕಾರ ಬಿತ್ತು. ಅಂಗಡಿಯವರು ಬೀಜ ಗೊಬ್ಬರ ಕೊಡಲಿಲ್ಲ, ಇಂಧನ ಮಾರಲಿಲ್ಲ. ವಿಮೆ ರದ್ದಾಯಿತು, ಬ್ಯಾಂಕು ಸಾಲ ನಿಲ್ಲಿಸಿತು. ಅವರ ಕೋಳಿಮೊಟ್ಟೆಯನ್ನು ಕೊಳ್ಳುವವರಿಲ್ಲದೆ ಚೆನ್ನಾಗಿ ನಡೆಯುತ್ತಿದ್ದ ವ್ಯಾಪಾರ ನೆಲಕಚ್ಚಿತು. ರಸ್ತೆ ಬದಿಯಲ್ಲಿದ್ದ ಅವರ ಅಂಗಡಿಗೆ ಬಾಂಬು ಹಾಕಿದರು, ರಾತ್ರಿ ಹೊತ್ತು ಮನೆಗಳ ಕಡೆ ಗುಂಡು ಹಾರಿಸಿದರು. 1957ರಲ್ಲಿ ನ್ಯೂಯಾರ್ಕಿನಿಂದ ಬಂದ ಹೆಸರಾಂತ ಕ್ಯಾಥೊಲಿಕ್ ಸಮಾಜಸೇವಕಿ ಡೊರೊತಿ ಡೇ ಒಂದು ರಾತ್ರಿ ಕಾವಲಿಗೆ ಕೂತಿದ್ದಾಗ ಅವರ ಕಾರಿಗೂ ಗುಂಡು ಬಿತ್ತು.

ಮಕ್ಕಳನ್ನೂ ಬಿಡಲಿಲ್ಲ. 1960ರಲ್ಲಿ ಕೊಯ್ನೊನಿಯದ ಮೂವರು ಬಿಳಿಯ ಮಕ್ಕಳನ್ನು ಅಮೆರಿಕಸ್ ಹೈಸ್ಕೂಲಿಗೆ ಸೇರಿಸಿಕೊಳ್ಳಲು ಆಡಳಿತ ಮಂಡಳಿ ಒಪ್ಪಲಿಲ್ಲ. ಫೆಡರಲ್ ಕೋರ್ಟು ಆದೇಶ ಕೊಟ್ಟ ಮೇಲೆ ಬಾಗಿಲು ತೆರೆಯಿತು. ಆಮೇಲೆ ಅದೇ ಶಾಲೆಯಲ್ಲಿ ಓದಿದ ಗ್ರೆಗ್ ವಿಟ್‌ಕ್ಯಾಂಪರ್ ಎಂಬ ಹುಡುಗನ ಜೊತೆ ವರ್ಷಗಟ್ಟಲೆ ಸಹಪಾಠಿಗಳು ಮಾತಾಡಲಿಲ್ಲ, ಮಾತಾಡಿದರೆ ಬೈದರು, ಹೊಡೆದರು. 1965ರಲ್ಲಿ ಅವನು ಶಾಲೆ ಮುಗಿಸಿ ಊರು ಬಿಟ್ಟ. ನಲವತ್ತು ವರ್ಷವಾದ ಮೇಲೆ, 2006ರಲ್ಲಿ, ಅದೇ ಸಹಪಾಠಿಗಳಲ್ಲಿ ಕೆಲವರು ಕ್ಷಮೆ ಕೇಳಿ ಅವನಿಗೆ ಕಾಗದ ಬರೆದು ತಮ್ಮ ಸ್ನೇಹಕೂಟಕ್ಕೆ ಕರೆದರು.

ಜೋರ್ಡನ್ನನ ತಮ್ಮನೊಬ್ಬ ವಕೀಲ, ರಾಜಕೀಯದ ಆಸೆ ಇದ್ದವನು. ಮುಂದೆ ಜಾರ್ಜಿಯಾದ ಸುಪ್ರೀಂ ಕೋರ್ಟಿನ ನ್ಯಾಯಾಧೀಶನೂ ಆದ. ಕೊಯ್ನೊನಿಯದ ಪರ ವಕಾಲತ್ತು ವಹಿಸು ಎಂದು ಜೋರ್ಡನ್ ಕೇಳಿದಾಗ, ಹಾಗೆ ಮಾಡಿದರೆ ನನ್ನ ಭವಿಷ್ಯ ಮುಗಿದಂತೆ ಎಂದನಂತೆ. ಹಾಗಾದರೆ ನೀನು ಯೇಸುವನ್ನು ಮೆಚ್ಚುವವನು, ಅವನ ಹಿಂದೆ ನಡೆಯುವವನಲ್ಲ ಎಂದು ಅಣ್ಣ ಹೇಳಿದನೆಂದು ಕೊಯ್ನೊನಿಯದ ಬಗ್ಗೆ ಬರೆದವರು ನೆನೆಯುತ್ತಾರೆ. ಯಾವ ಧರ್ಮದವರಾದರೂ ತಮ್ಮನ್ನು ತಾವು ಕೇಳಿಕೊಳ್ಳಬಹುದಾದ ಮಾತಿದು.

ಇಷ್ಟೆಲ್ಲ ಆದರೂ ಹೊಲ ಉಳಿದದ್ದು ಪೆಕಾನ್ ಬೀಜಗಳಿಂದ. ಊರಲ್ಲಿ ಮಾರಲು ಬಿಡದಿದ್ದಾಗ ಅವರು ಪೆಕಾನನ್ನು ಅಂಚೆಯಲ್ಲಿ ದೇಶದ ಮೂಲೆಮೂಲೆಗೆ ಕಳಿಸಿ ಮಾರಿದರು. ಆದರೆ ಜನ ಸೋತಿದ್ದರು. 1968ರ ಹೊತ್ತಿಗೆ ಕೊಯ್ನೊನಿಯದಲ್ಲಿ ಉಳಿದವರು ಕೈಬೆರಳಲ್ಲಿ ಎಣಿಸುವಷ್ಟು ಮಂದಿ. ಮುಚ್ಚಿಬಿಡೋಣವೇ ಎಂಬ ಯೋಚನೆಯೂ ಬಂದಿತ್ತು.

ಆಗ ಬಂದವನು ಮಿಲಾರ್ಡ್ ಫುಲ್ಲರ್. 1935ರಲ್ಲಿ ಅಲಬಾಮಾದಲ್ಲಿ ಹುಟ್ಟಿದವನು, ಓದಿದ್ದು ಕಾನೂನು. ಗೆಳೆಯನೊಬ್ಬನ ಜೊತೆ ಅಡುಗೆ ಪುಸ್ತಕ ಮುಂತಾದವನ್ನು ಅಂಚೆ ಮೂಲಕ ಮಾರಿ ಮೂವತ್ತು ತುಂಬುವ ಮೊದಲೇ ಮಿಲಿಯನೇರ್ ಆಗಿದ್ದ. ದೊಡ್ಡ ಮನೆ, ಕಾರು, ದೋಣಿ ಎಲ್ಲ ಇತ್ತು, ಮನೆಯಲ್ಲಿ ಕೂರಲು ಪುರುಸೊತ್ತು ಮಾತ್ರ ಇರಲಿಲ್ಲ. 1965ರಲ್ಲಿ ಹೆಂಡತಿ ಲಿಂಡಾ ಅವನನ್ನು ಬಿಟ್ಟು ನ್ಯೂಯಾರ್ಕಿಗೆ ಹೊರಟುಹೋದಳು. ಅವನು ಹಿಂದೆಯೇ ಹೋದ. ಇಬ್ಬರೂ ಅತ್ತು ಮಾತಾಡಿ, ಆಸ್ತಿಯನ್ನೆಲ್ಲ ಮಾರಿ ಹಂಚಿಬಿಟ್ಟು ಹೊಸದಾಗಿ ಬಾಳು ಶುರು ಮಾಡೋಣ ಎಂದು ತೀರ್ಮಾನಿಸಿದರು. ಆ ವರ್ಷದ ಕೊನೆಗೆ ಪರಿಚಯದವರನ್ನು ನೋಡಲೆಂದು ಕೊಯ್ನೊನಿಯಕ್ಕೆ ಬಂದು ಜೋರ್ಡನ್ನನ ಮಾತು ಕೇಳಿ ಕೆಲವು ವಾರ ಅಲ್ಲೇ ಉಳಿದರು. 1968ರಲ್ಲಿ ನೆಲೆಸಲೆಂದೇ ಮರಳಿ ಬಂದರು.

ಜೋರ್ಡನ್ ಮತ್ತು ಫುಲ್ಲರ್ ಕೂತು ಯೋಚಿಸಿದ್ದು ಸುತ್ತಲಿನ ಕಪ್ಪು ಕುಟುಂಬಗಳ ಬಗ್ಗೆ. ತಲೆಮಾರುಗಳಿಂದ ಬೇರೆಯವರ ಜಮೀನಿನಲ್ಲಿ ಪಾಲಿಗೆ ದುಡಿದವರು ಅವರು. ಯಂತ್ರಗಳು ಬಂದ ಮೇಲೆ ಆ ದುಡಿಮೆಯೂ ತಪ್ಪಿತು. ಮನೆ ಎಂದರೆ ಬಣ್ಣ ಕಾಣದ ಹಲಗೆಯ ಗುಡಿಸಲು. ಹಲಗೆಯ ಸಂದಿನಲ್ಲಿ ಚಳಿಗಾಳಿ ನುಗ್ಗುತ್ತಿತ್ತು, ಒಳಗೆ ನಲ್ಲಿ ಇಲ್ಲ, ಶೌಚಾಲಯ ಇಲ್ಲ. ಸಾಲ ಮಾಡಿ ಮನೆ ಕಟ್ಟೋಣವೆಂದರೆ ಸಾಲ ಕೊಡುವವರಿಲ್ಲ. 1930ರ ದಶಕದಿಂದಲೇ ನಗರಗಳಲ್ಲಿ ಕಪ್ಪು ಜನರ ಬಡಾವಣೆಗಳನ್ನು ಸರ್ಕಾರಿ ನಕ್ಷೆಗಳಲ್ಲಿ ಕೆಂಪು ಬಣ್ಣದಿಂದ ಗುರುತು ಮಾಡಿ, ಇಲ್ಲಿ ಸಾಲ ಕೊಡುವುದು ಅಪಾಯ ಎಂದು ಹೇಳಿಬಿಟ್ಟಿದ್ದರು. ಹಳ್ಳಿಯ ಕೂಲಿಯವನಿಗಂತೂ ಬ್ಯಾಂಕಿನ ಬಾಗಿಲೇ ದೂರ. ಮನೆ ಮಾರುವಾಗ, ಬಾಡಿಗೆಗೆ ಕೊಡುವಾಗ ಬಣ್ಣ ನೋಡಬಾರದೆಂಬ ಕಾನೂನು ಬಂದದ್ದು 1968ರ ಏಪ್ರಿಲ್ 11ರಂದು, ಮಾರ್ಟಿನ್ ಲೂಥರ್ ಕಿಂಗ್ ಅವರ ಕೊಲೆಯಾದ ಒಂದು ವಾರಕ್ಕೆ. ಕಾನೂನು ಬಂದ ಮಾತ್ರಕ್ಕೆ ಗುಡಿಸಲಿನಲ್ಲಿದ್ದವರ ಕೈಗೆ ದುಡ್ಡು ಬರಲಿಲ್ಲ.

ಬಡವರಿಗೆ ಬೇಕಾದದ್ದು ಭಿಕ್ಷೆಯಲ್ಲ, ಬಂಡವಾಳ; ಮೇಲ್ವಿಚಾರಕರಲ್ಲ, ಜೊತೆಗೆ ದುಡಿಯುವವರು. ಜೋರ್ಡನ್ನನ ವಿಚಾರದ ಸಾರ ಇಷ್ಟು. ಕೊಯ್ನೊನಿಯದ ಜಮೀನಿನಲ್ಲಿ ಅರ್ಧ ಎಕರೆಯ 42 ನಿವೇಶನಗಳನ್ನು ಗುರುತು ಮಾಡಿದರು. ಮಾನವತೆಯ ನಿಧಿ ಎಂಬ ಹೆಸರಿನಲ್ಲಿ ಒಂದು ನಿಧಿ ಶುರು ಮಾಡಿ, ದೂರದ ಸ್ನೇಹಿತರಿಂದ ಕಾಣಿಕೆಯನ್ನೂ ಬಡ್ಡಿಯಿಲ್ಲದ ಸಾಲವನ್ನೂ ಪಡೆದರು. ಮನೆಯನ್ನು ಲಾಭವಿಲ್ಲದೆ ಮಾರುವುದು, ಸಾಲಕ್ಕೆ ಬಡ್ಡಿ ಹಾಕದಿರುವುದು, ತೀರಿಸಿದ ಕಂತಿನಲ್ಲಿ ಮುಂದಿನವರ ಮನೆ ಕಟ್ಟುವುದು. ಬಡವರಿಗೆ ಕೊಟ್ಟ ಸಾಲಕ್ಕೆ ಬಡ್ಡಿ ಕೇಳಬಾರದೆಂದು ಬೈಬಲ್ಲಿನ ವಿಮೋಚನಕಾಂಡದಲ್ಲಿ ಹೇಳಿದೆ. ಅದನ್ನು ಭಾನುವಾರದ ಉಪದೇಶಕ್ಕೆ ಬಿಟ್ಟುಬಿಡದೆ ಅವರು ಲೆಕ್ಕದ ಪುಸ್ತಕಕ್ಕೆ ತಂದರು.

ಬಡ್ಡಿಯ ಮಾತು ನಿಮಗೆ ಸಣ್ಣದಾಗಿ ಕಾಣಬಹುದು. ಒಂದು ಲೆಕ್ಕ ಹಾಕಿ ನೋಡಿ. 6,000 ಡಾಲರಿನ ಮನೆ, 20 ವರ್ಷದ ಸಾಲ ಎಂದಿಟ್ಟುಕೊಳ್ಳೋಣ. ಬಡ್ಡಿ ಇಲ್ಲದಿದ್ದರೆ 240 ತಿಂಗಳಿಗೆ ಹಂಚಿ ತಿಂಗಳ ಕಂತು 25 ಡಾಲರ್. ಶೇಕಡ 8ರ ಬಡ್ಡಿ ಹಾಕಿದರೆ ಕಂತು 50 ಡಾಲರ್ ದಾಟುತ್ತದೆ. ಅಂದರೆ ಮನೆಗೆ ಒಂದು ಮನೆಯಷ್ಟು, ಬಡ್ಡಿಗೆ ಇನ್ನೊಂದು ಮನೆಯಷ್ಟು. ಕೂಲಿಯಿಂದ ಬದುಕುವ ಕುಟುಂಬಕ್ಕೆ ಸ್ವಂತ ಮನೆ ಆಗುವುದೋ ಇಲ್ಲವೋ ಎಂಬುದು ಆ 25 ಡಾಲರಿನಲ್ಲೇ ತೀರ್ಮಾನವಾಗುತ್ತದೆ.

1969ರಲ್ಲಿ ಮೊದಲ ಮನೆಗೆ ಐದು ಮಕ್ಕಳಿದ್ದ ಒಂದು ಕುಟುಂಬ ಬಂದು ಸೇರಿತು. ಕಾಂಕ್ರೀಟ್ ಇಟ್ಟಿಗೆಯ ಮನೆ. ಒಳಗೇ ಸ್ನಾನದ ಮನೆ, ಹೊಸ ರೀತಿಯ ಅಡುಗೆಮನೆ, ಚಳಿಗೆ ಹೀಟರ್. ಅದೇ ವರ್ಷ ಅಕ್ಟೋಬರ್ 29ರಂದು ಜೋರ್ಡನ್, ಹೊಲದಲ್ಲಿ ತಾನು ಕೂತು ಬರೆಯುತ್ತಿದ್ದ ಪುಟ್ಟ ಗುಡಿಸಲಿನಲ್ಲೇ ಹೃದಯಾಘಾತದಿಂದ ತೀರಿಕೊಂಡ. ವಯಸ್ಸು 57. ಸಾವನ್ನು ದೃಢಪಡಿಸಬೇಕಾದ ಅಧಿಕಾರಿ ಹೊಲಕ್ಕೆ ಬರಲು ಒಪ್ಪದಿದ್ದಾಗ ಫುಲ್ಲರ್ ತಾನೇ ಶವವನ್ನು ವಾಹನದಲ್ಲಿ ಪಟ್ಟಣಕ್ಕೆ ಒಯ್ದ. ಸಾದಾ ಮರದ ಪೆಟ್ಟಿಗೆಯಲ್ಲಿ, ಗುರುತಿನ ಕಲ್ಲೂ ಇಲ್ಲದೆ, ಹೊಲದ ಮರಗಳ ನಡುವೆ ಅವನನ್ನು ಮಣ್ಣು ಮಾಡಿದರು.

ಫುಲ್ಲರ್ ದಂಪತಿ 1973ರಲ್ಲಿ ಮಕ್ಕಳೊಂದಿಗೆ ಆಫ್ರಿಕಾದ ಜೈರ್ ದೇಶಕ್ಕೆ, ಅಂದರೆ ಇಂದಿನ ಕಾಂಗೋಗೆ ಹೋಗಿ, ಅಲ್ಲಿನ ಎಂಬಂಡಾಕಾ ಎಂಬ ಊರಿನಲ್ಲಿ ಇದೇ ರೀತಿ ಮನೆ ಕಟ್ಟಿಸಿದರು. ಒಂದು ಹೊಲದಲ್ಲಿ ಆದದ್ದು ಬೇರೆ ಕಡೆಯೂ ಆಗುತ್ತದೆ ಎಂದು ಖಾತ್ರಿಯಾದ ಮೇಲೆ ಮರಳಿ ಬಂದು 1976ರಲ್ಲಿ ಹ್ಯಾಬಿಟಾಟ್ ಫಾರ್ ಹ್ಯುಮಾನಿಟಿ ಸಂಸ್ಥೆಯನ್ನು ಕಟ್ಟಿದರು. ಮನೆ ಪಡೆಯುವವರೂ ನೂರಾರು ಗಂಟೆ ಮೈಮುರಿದು ದುಡಿಯಬೇಕು ಎಂಬ ನಿಯಮಕ್ಕೆ ಬೆವರಿನ ಪಾಲು ಎಂಬರ್ಥದ ಹೆಸರು ಬಂತು. ಕ್ರೈಸ್ತ ಸಂಸ್ಥೆಯಾದರೂ ಮನೆ ಪಡೆಯಲು ಕ್ರೈಸ್ತರಾಗಿರಬೇಕಿಲ್ಲ, ಮನೆ ಕೊಟ್ಟು ಮತ ಬದಲಿಸುವಂತಿಲ್ಲ ಎಂಬುದು ಅವರ ನೀತಿ.

ಅಮೆರಿಕಸ್‌ನಿಂದ ಹತ್ತು ಮೈಲಿ ದೂರದ ಪ್ಲೇನ್ಸ್ ಮಾಜಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಅವರ ಊರು. ಅಧಿಕಾರ ಬಿಟ್ಟ ಮೇಲೆ, 1984ರಲ್ಲಿ, ಅವರೂ ಪತ್ನಿ ರೋಸಲಿನ್ ಅವರೂ ಸುತ್ತಿಗೆ ಹಿಡಿದರು. ನ್ಯೂಯಾರ್ಕಿನಲ್ಲಿ ಪಾಳುಬಿದ್ದ ಒಂದು ಕಟ್ಟಡವನ್ನು ಸರಿಪಡಿಸಿ 19 ಕುಟುಂಬಗಳಿಗೆ ಮನೆ ಮಾಡುವ ಕೆಲಸ ಅದು. ಅಲ್ಲಿಂದ ವರ್ಷ ವರ್ಷ ಹೋದರು, ತೊಂಬತ್ತು ದಾಟಿದ ಮೇಲೂ ಹೋದರು. ಕ್ಯಾಮರಾ ಮುಂದೆ ಒಂದು ಮೊಳೆ ಹೊಡೆದು ಹೊರಟುಬಿಡುವವರಾಗಿರಲಿಲ್ಲ ಅವರು. ಇಂದು ಈ ಸಂಸ್ಥೆ 60ಕ್ಕೂ ಹೆಚ್ಚು ದೇಶಗಳಲ್ಲಿದೆ. ಭಾರತಕ್ಕೆ ಬಂದದ್ದು 1983ರಲ್ಲಿ, ಈಗಿನ ತೆಲಂಗಾಣದ ಖಮ್ಮಮ್ಮಿಗೆ. 2006ರಲ್ಲಿ ಕಾರ್ಟರ್ ದಂಪತಿ ಪುಣೆ–ಮುಂಬಯಿ ದಾರಿಯ ಲೋನಾವಳಾ ಬಳಿ ಒಂದು ವಾರ ಕೆಲಸ ಮಾಡಿದರು. ಅಲ್ಲಿ ಸಾವಿರಾರು ಸ್ವಯಂಸೇವಕರು ಸೇರಿ ಕಟ್ಟಿದ್ದು 100 ಮನೆ.

ಚರಿತ್ರೆ ಹೇಳುವಾಗ ನುಣ್ಣಗಾಗಿ ಹೇಳಬಾರದು. ಮಹಿಳಾ ಉದ್ಯೋಗಿಯೊಬ್ಬರು ಫುಲ್ಲರ್ ಮೇಲೆ ಅನುಚಿತ ವರ್ತನೆಯ ಆರೋಪ ಮಾಡಿದರು. ಅವನು ಅದನ್ನು ಅಲ್ಲಗಳೆದ. ಸಾಕಷ್ಟು ಪುರಾವೆ ಇಲ್ಲವೆಂದು ಹೇಳಿದ ಆಡಳಿತ ಮಂಡಳಿ, ಆಮೇಲಿನ ಜಗಳದಲ್ಲಿ ಅವನ ನಡವಳಿಕೆ ಒಡಕು ತರುವಂಥದು ಎಂದು 2005ರ ಜನವರಿಯಲ್ಲಿ ಅವನನ್ನು ಸಂಸ್ಥೆಯಿಂದ ತೆಗೆದುಹಾಕಿತು. ಅವನು ಬೇರೆ ಸಂಸ್ಥೆ ಕಟ್ಟಿ ಮನೆ ಕಟ್ಟುವುದನ್ನು ಮುಂದುವರಿಸಿ, 2009ರ ಫೆಬ್ರುವರಿಯಲ್ಲಿ ತೀರಿಕೊಂಡ. ಅವನನ್ನೂ ಕೊಯ್ನೊನಿಯದಲ್ಲೇ, ಗುರುತಿನ ಕಲ್ಲಿಲ್ಲದೆ, ಮಣ್ಣು ಮಾಡಿದ್ದಾರೆ. ಇನ್ನೊಂದು ಮಾತು: ಒಂದೊಂದೇ ಮನೆ ಕಟ್ಟುತ್ತಾ ಹೋದರೆ ದೇಶದ ಬಡತನ ತೀರುವುದಿಲ್ಲ. ಜಮೀನಿನ ಬೆಲೆ, ಕೂಲಿ, ಕಾನೂನು ಇವೂ ಬದಲಾಗಬೇಕು. ಸುತ್ತಿಗೆ ಹಿಡಿದ ಮೇಲೆ ಓಟು ಹಾಕುವ ಕೈಗೆ ಬಿಡುವು ಸಿಕ್ಕಿತು ಎಂದುಕೊಳ್ಳಬೇಡಿ.

ಈಗ ನನ್ನ ಮಗನ ಪ್ರಶ್ನೆಗೆ ಬರುತ್ತೇನೆ. ಅವರು ದುಡ್ಡು ಕೊಡುತ್ತಾರೆಂದರೆ ನಾವೇಕೆ ಪುಕ್ಕಟೆ ದುಡಿದೆವು?

ತೀರ್ಥಹಳ್ಳಿ ಕಡೆಯ ನನ್ನ ಅಜ್ಜನ ಊರಿನಲ್ಲಿ ಮುಯ್ಯಾಳು ಎಂಬ ಪದ್ಧತಿ ಇತ್ತು. ನಾಟಿಯ ಕಾಲದಲ್ಲಿ ಇವತ್ತು ನಿಮ್ಮ ಗದ್ದೆಗೆ ನಮ್ಮ ಮನೆಯವರು, ನಾಳೆ ನಮ್ಮ ಗದ್ದೆಗೆ ನಿಮ್ಮ ಮನೆಯವರು. ಕೂಲಿಯ ಮಾತಿಲ್ಲ, ದಾನದ ಮಾತೂ ಇಲ್ಲ. ಬಂದವರಿಗೆ ಮನೆಯೊಡತಿ ಊಟ ಬಡಿಸುತ್ತಿದ್ದಳು, ಅಷ್ಟೇ. ಆದರೆ ಎಲ್ಲರಿಗೂ ಒಂದೇ ಸಾಲಿನಲ್ಲಿ ಬಡಿಸುತ್ತಿರಲಿಲ್ಲ. ಕೊಯ್ನೊನಿಯದ ಕಥೆ ಓದುವಾಗ ನನಗೆ ಅಜ್ಜನ ಮನೆಯ ಜಗಲಿಯೂ ನೆನಪಾಯಿತು, ಅದರ ಆಚೆ ಅಂಗಳದಲ್ಲಿ ಬೇರೆಯಾಗಿ ಕೂತು ಉಂಡವರೂ ನೆನಪಾದರು. ಕೈಗೆ ಕೈ ಸೇರಿಸುವುದು ನಮಗೆ ಗೊತ್ತಿತ್ತು. ಜೊತೆಗೆ ಉಣ್ಣುವುದನ್ನು ಕಲಿಯಬೇಕಾಗಿತ್ತು. ಜೋರ್ಡನ್ ಊಟದ ಮೇಜಿನಿಂದಲೇ ಶುರು ಮಾಡಿದ್ದ, ಮನೆ ಕಟ್ಟಲು ಹೊರಟದ್ದು ಇಪ್ಪತ್ತಾರು ವರ್ಷದ ನಂತರ.

ಮಗನಿಗೆ ನಾನು ಹೇಳಿದ್ದು ಇಷ್ಟೇ: ಆಕೆ ಕಟ್ಟುವ ಕಂತು ನಮ್ಮ ಕೂಲಿಯಲ್ಲ, ಆಕೆಯ ಮುಯ್ಯಿ. ಅದು ಇನ್ಯಾರದೋ ಗೋಡೆಯಾಗುತ್ತದೆ. ಅವಳು ಕಂತು ಕಟ್ಟುವುದರಿಂದಲೇ ನಾವು ದಾನಿಗಳಾಗಲಿಲ್ಲ, ಅವಳು ಬೇಡುವವಳಾಗಲಿಲ್ಲ. ನಾವಿಬ್ಬರೂ ಒಂದು ದಿನ ಜೊತೆಗೆ ದುಡಿದವರು.

ಅವನು ಸ್ವಲ್ಪ ಯೋಚಿಸಿ ಕೇಳಿದ: "ನೀನು ಅವರ ಹೆಸರು ಕೇಳಿದ್ಯಾ ಅಮ್ಮ?"

ಕೇಳಿರಲಿಲ್ಲ. ಅರ್ಧ ದಿನ ಪಕ್ಕದಲ್ಲಿ ನಿಂತು ಬಣ್ಣ ಬಳಿದು, ಜೊತೆಗೆ ಕೂತು ತಿಂದು, ಹೆಸರು ಕೇಳಿರಲಿಲ್ಲ. ಮುಂದಿನ ಶನಿವಾರ ಮತ್ತೆ ಹೋಗಿ ಕೇಳಿ ಬಂದೆ. ಆಕೆ ಆಗ ಅಡುಗೆಮನೆಯ ಕಪಾಟಿಗೆ ಹಿಡಿಕೆ ಕೂರಿಸುತ್ತಿದ್ದರು, ನನ್ನ ಕೈಗೂ ಒಂದು ಸ್ಕ್ರೂಡ್ರೈವರ್ ಕೊಟ್ಟರು.

ನೀವು ಹೋದಾಗ ಮೊದಲ ದಿನವೇ ಹೆಸರು ಕೇಳಿ.